ನೂರು ಅರ್ಜಿ ಹಾಕಿದರೂ ಎರಡೇ ಕರೆ: ವಿದೇಶದಲ್ಲಿ ಓದುತ್ತಿರುವವರ ಉದ್ಯೋಗ ಸಿದ್ಧತೆ

ಪ್ರಶ್ನೆ: ನಾನು ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಡೇಟಾ ಅನಾಲಿಟಿಕ್ಸ್ ವಿಷಯದಲ್ಲಿ ಒಂದು ವರ್ಷದ ಮಾಸ್ಟರ್ಸ್ ಓದುತ್ತಿರುವ ವಿದೇಶಿ ವಿದ್ಯಾರ್ಥಿ. ಸೆಪ್ಟೆಂಬರ್‌ನಲ್ಲಿ ಸೇರಿದೆ, ಈಗ ಎರಡನೆಯ ಟರ್ಮ್ ಮುಗಿಯುತ್ತಾ ಬಂದಿದೆ. ಅಂಕಗಳು ಚೆನ್ನಾಗಿವೆ. ಇಲ್ಲಿಗೆ ಬರುವ ಮೊದಲು ಎರಡು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡಿದ್ದೇನೆ. ಆದರೂ ನೂರಕ್ಕೂ ಹೆಚ್ಚು ಅರ್ಜಿಗಳನ್ನು ಕಳುಹಿಸಿದ ಮೇಲೆ ಎರಡೇ ಸಂದರ್ಶನಗಳು ಬಂದವು, ಎರಡರಲ್ಲೂ ಆಯ್ಕೆಯಾಗಲಿಲ್ಲ. ಉಚ್ಚಾರಣೆ ಸರಿಪಡಿಸಿಕೊಳ್ಳಬೇಕು, ಸಿವಿಯಲ್ಲಿ ಹೆಸರು ಬದಲಾಯಿಸಬೇಕು, ವೀಸಾ ವಿಷಯವನ್ನು ಕೊನೆಯವರೆಗೂ ಹೇಳಬಾರದು ಎಂದೆಲ್ಲ ಜೊತೆಯವರು ಹೇಳುತ್ತಾರೆ. ವಾರದಲ್ಲಿ ಎರಡು ದಿನ ಗೋದಾಮಿನಲ್ಲಿ ದುಡಿಯುತ್ತೇನೆ. ಅದನ್ನು ಸಿವಿಯಲ್ಲಿ ಹಾಕಿಲ್ಲ. ಹಣ ಕಟ್ಟಿದರೆ ತರಬೇತಿ, ಅನುಭವ ಪತ್ರ ಮತ್ತು ವೀಸಾಕ್ಕೆ ಹೊಣೆ ನಿಂತು ಸ್ಪಾನ್ಸರ್ ಮಾಡುವ ಕಂಪನಿಯಲ್ಲಿ ಖಚಿತ ಕೆಲಸ ಕೊಡಿಸುವುದಾಗಿ ಒಂದು ಸಂಸ್ಥೆ ಹೇಳುತ್ತಿದೆ. ಸದ್ಯಕ್ಕೆ ಪ್ರಬಂಧ ಮುಗಿಸಿ, ಕೆಲಸದ ವಿಷಯವನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡಿದ್ದೇನೆ. ಇದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಅವೆಲ್ಲದರ ಅಡಿಯಲ್ಲಿರುವ ಕಳವಳ ಒಂದೇ ಎಂದು ನನಗೆ ತೋರುತ್ತದೆ. ನೀವು ಓದಿನಲ್ಲಿ ಹಿಂದೆ ಬಿದ್ದಿಲ್ಲ, ಕೆಲಸ ಗೊತ್ತಿಲ್ಲದವರೂ ಅಲ್ಲ. ಹೀಗಿದ್ದೂ ಒಮ್ಮೆ ಕರೆದು ಮಾತನಾಡಿಸುವಷ್ಟು ಆಸಕ್ತಿ ಹೆಚ್ಚಿನವರಿಗೆ ಏಕೆ ಹುಟ್ಟುತ್ತಿಲ್ಲ ಎಂಬುದು ನಿಮ್ಮನ್ನು ಕಾಡುತ್ತಿದೆ. ವಿದೇಶಿ ವಿದ್ಯಾರ್ಥಿಗಳಿಗೆ ವೃತ್ತಿ ಮಾರ್ಗದರ್ಶನ ನೀಡುವ ನನ್ನ ಕೆಲಸದಲ್ಲಿ, ಇದೇ ಕಳವಳ ಹೊತ್ತು ಬರುವವರ ಸಂಖ್ಯೆ ಎರಡನೆಯ ಟರ್ಮ್ ಮುಗಿಯುವ ಹೊತ್ತಿಗೆ ಏರುತ್ತದೆ. ಅವರಲ್ಲಿ ಬಹುಪಾಲು ಜನ ತಮ್ಮಲ್ಲೇ ಏನೋ ಕೊರತೆಯಿದೆ ಎಂದು ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಅದು ಅವಸರದ ತೀರ್ಮಾನ. ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಪ್ರಬಂಧ ಮುಗಿಯುವವರೆಗೆ ಕಾಯಬೇಡಿ.

ಅರ್ಜಿಯನ್ನು ತೆರೆದು ನೋಡುವವರ ಜಾಗದಲ್ಲಿ ಒಮ್ಮೆ ಕುಳಿತು ಯೋಚಿಸಿ. ಒಂದು ಹುದ್ದೆಗೆ ಅರ್ಹರಾದ ಹಲವರ ಅರ್ಜಿಗಳು ಅವರ ಮುಂದಿವೆ, ಒಂದೊಂದಕ್ಕೂ ಕೊಡಲು ಕೆಲವೇ ನಿಮಿಷಗಳಿವೆ. ಬೇರೆ ದೇಶದಿಂದ ಬಂದ ವಿದ್ಯಾರ್ಥಿಯ ಅರ್ಜಿ ಕೈಗೆ ಬಂದಾಗ ಅವರ ಮನಸ್ಸಿನಲ್ಲಿ ಮೂರು ಅನುಮಾನಗಳು ಏಳುತ್ತವೆ. ಈ ವ್ಯಕ್ತಿ ಇಲ್ಲಿ ಕಾನೂನುಬದ್ಧವಾಗಿ ಕೆಲಸ ಮಾಡಬಹುದೇ, ಮಾಡಬಹುದಾದರೆ ಎಷ್ಟು ಕಾಲ? ನಮ್ಮಂಥ ಕಡೆ ದುಡಿದು ತೋರಿಸಿದ್ದಾರೆಯೇ? ಕೆಲಸದಲ್ಲಿ ಏನಾದರೂ ಎಡವಟ್ಟಾದರೆ ಬಾಯಿಬಿಟ್ಟು ಹೇಳುವವರೇ, ಇಲ್ಲ ಸುಮ್ಮನಿದ್ದುಬಿಡುವವರೇ? ನಿಮ್ಮ ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಈ ಮೂರರಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ. ಅನುಮಾನ ಉಳಿದ ಅರ್ಜಿಯನ್ನು ಯಾರೂ ದ್ವೇಷದಿಂದ ಬದಿಗಿಡಬೇಕಾಗಿಲ್ಲ. ಅನುಮಾನವಿಲ್ಲದ ಇನ್ನೊಂದು ಅರ್ಜಿ ಪಕ್ಕದಲ್ಲೇ ಇದ್ದರೆ ಸಾಕು. ಆದ್ದರಿಂದ ಉದ್ಯೋಗಕ್ಕೆ ಸಿದ್ಧರಾಗುವುದು ಎಂದರೆ, ನನ್ನ ಮಟ್ಟಿಗೆ, ಈ ಮೂರು ಅನುಮಾನಗಳಿಗೆ ಓದುತ್ತಿರುವಾಗಲೇ ಪುರಾವೆ ಕೂಡಿಹಾಕುವುದು.

ಹೆಸರಿನ ವಿಷಯವನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ಜೊತೆಯವರು ಹೇಳುವುದು ಪೂರ್ತಿ ಸುಳ್ಳಲ್ಲ. ಕೆನಡಾದ ಟೊರಾಂಟೊದಲ್ಲಿ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೋಪೌಲೋಸ್ ಅವರು ನಿಜವಾದ ಉದ್ಯೋಗ ಜಾಹೀರಾತುಗಳಿಗೆ ಸಾವಿರಾರು ಕಲ್ಪಿತ ಸಿವಿಗಳನ್ನು ಕಳುಹಿಸಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಭಾರತೀಯ, ಪಾಕಿಸ್ತಾನಿ, ಚೀನೀ ಅಥವಾ ಗ್ರೀಕ್ ಹೆಸರಿದ್ದ ಸಿವಿಗಳಿಗೂ, ಅನುಭವವೆಲ್ಲ ಹೊರದೇಶದ್ದಾಗಿದ್ದ ಸಿವಿಗಳಿಗೂ, ಇಂಗ್ಲಿಷ್ ಹೆಸರಿನ ಸಿವಿಗಳಿಗಿಂತ ಕಡಿಮೆ ಕರೆಗಳು ಬಂದವು. ಭಾಷೆ ಚೆನ್ನಾಗಿ ಬರುತ್ತದೆ, ಬಹುರಾಷ್ಟ್ರೀಯ ಕಂಪನಿಯಲ್ಲಿ ದುಡಿದಿದ್ದೇನೆ, ಹೆಸರಾಂತ ಸಂಸ್ಥೆಯಲ್ಲಿ ಓದಿದ್ದೇನೆ ಎಂದು ಸಿವಿಯಲ್ಲಿ ಬರೆದರೂ ಆ ಅಂತರ ತಗ್ಗಲಿಲ್ಲ. ಕಾರಣ ಕೇಳಿದಾಗ ನೇಮಕಾತಿ ಮಾಡುವವರು ಮುಂದಿಟ್ಟದ್ದು ಭಾಷೆಯ ಬಗೆಗಿನ ಶಂಕೆಯನ್ನು. ತಾರತಮ್ಯ ಇದೆ, ಇಲ್ಲವೆಂದು ನಿಮಗೆ ಸಮಾಧಾನ ಹೇಳುವುದು ಪ್ರಾಮಾಣಿಕತೆಯಾಗದು. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ ಜನಾಂಗ, ಬಣ್ಣ, ರಾಷ್ಟ್ರೀಯತೆಗಳ ಆಧಾರದ ಮೇಲಿನ ತಾರತಮ್ಯವನ್ನು ನಿಷೇಧಿಸಿದ್ದರೂ, ಉತ್ತರವೇ ಬಾರದ ಅರ್ಜಿಯೊಂದರ ಹಿಂದೆ ಏನು ನಡೆಯಿತೆಂದು ಸಾಬೀತುಪಡಿಸುವುದು ಅಸಾಧ್ಯಕ್ಕೆ ಹತ್ತಿರವಾದ ಮಾತು.

ಆದರೆ ಆ ಅಧ್ಯಯನದಿಂದ ಹೆಸರು ಬದಲಿಸಬೇಕೆಂಬ ಪಾಠವನ್ನು ನಾನು ತೆಗೆಯುವುದಿಲ್ಲ. ಕರೆಯಲು ಸುಲಭವಾದ ಚಿಕ್ಕ ಹೆಸರು ನಿಮಗೆ ಮೊದಲಿನಿಂದಲೂ ಇದ್ದರೆ ಬಳಸಿ, ಅದರಲ್ಲಿ ತಪ್ಪಿಲ್ಲ. ಹೊಸದಾಗಿ ಹುಟ್ಟಿಸಿಕೊಂಡ ಹೆಸರು ಮಾತ್ರ ಪಾಸ್‌ಪೋರ್ಟ್, ಪದವಿ ಪತ್ರ, ಹಿಂದಿನ ಕಂಪನಿಯ ದಾಖಲೆಗಳ ಜೊತೆ ಹೊಂದದೆ ಪರಿಶೀಲನೆಯ ಹಂತದಲ್ಲಿ ಇಲ್ಲದ ಪ್ರಶ್ನೆಗಳನ್ನು ಎಬ್ಬಿಸುತ್ತದೆ. ನಾನು ಗಮನಿಸುವುದು ಬೇರೆಯದನ್ನು: ಕಾಗದದ ಮೇಲೆ ಗುಣಗಳನ್ನು ಪೇರಿಸಿದಷ್ಟಕ್ಕೆ ಶಂಕೆ ಕರಗಲಿಲ್ಲ. ಹಾಗಿದ್ದರೆ, ಕಾಗದವೊಂದನ್ನೇ ಕಳುಹಿಸುವ ದಾರಿಯನ್ನು ಕಡಿಮೆ ಮಾಡಿ, ಜನ ನಿಮ್ಮನ್ನು ಕಂಡು, ನಿಮ್ಮ ಮಾತು ಕೇಳಿ, ನಿಮ್ಮ ಕೆಲಸ ನೋಡುವ ದಾರಿಗಳನ್ನು ಹೆಚ್ಚಿಸಬೇಕು. ನೂರು ಅರ್ಜಿಗಳನ್ನು ಇನ್ನೂರು ಮಾಡಿದರೆ ಫಲ ಇಮ್ಮಡಿಯಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಉಚ್ಚಾರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇರೆ ಭಾಷೆಯ ಛಾಯೆಯಿರುವ ಇಂಗ್ಲಿಷ್ ಬೇರೆ, ಅರ್ಥವಾಗದ ಇಂಗ್ಲಿಷ್ ಬೇರೆ. ಸಂದರ್ಶನಗಳಲ್ಲಿ ನಮ್ಮವರಿಗೆ ತೊಡಕಾಗುವುದು ಬಹುತೇಕ ವೇಗ. ಗಾಬರಿಯಿಂದ ಓಡುವ ಮಾತಿಗೆ ವಾಕ್ಯದ ಕೊನೆಯಲ್ಲಿ ಒಂದು ಉಸಿರಿನ ವಿರಾಮ ಕೊಟ್ಟರೆ ಅರ್ಧ ತೊಂದರೆ ಕಳೆಯುತ್ತದೆ. ಉಚ್ಚಾರಣೆಯನ್ನು ಅಳಿಸಿಹಾಕುವ ತರಬೇತಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಕಂಪ್ಯೂಟರ್ ಸಿವಿಯನ್ನು ತಾನೇ ಓದಿ ಎಸೆದುಬಿಡುತ್ತದೆ ಎಂಬ ಮಾತನ್ನೂ ನೀವು ಕೇಳಿರಬಹುದು. ನೇಮಕಾತಿ ತಂತ್ರಾಂಶಗಳು ಮುಖ್ಯವಾಗಿ ಅರ್ಜಿಗಳನ್ನು ಸಂಗ್ರಹಿಸಿ, ವಿಂಗಡಿಸಿ, ಹುಡುಕಲು ಅನುವು ಮಾಡಿಕೊಡುತ್ತವೆ. ತಾನೇತಾನಾಗಿ ಅರ್ಜಿಯನ್ನು ಹೊರಗಿಡುವ ಸಾಧ್ಯತೆ ಹೆಚ್ಚಿರುವುದು, ಅರ್ಜಿ ನಮೂನೆಯಲ್ಲೇ ಬರುವ ಹೌದು ಅಥವಾ ಇಲ್ಲ ಎಂಬ ಪ್ರಶ್ನೆಗಳಲ್ಲಿ.

ಅವುಗಳಲ್ಲಿ ಎರಡು ನೀವೆತ್ತಿದ ವೀಸಾ ವಿಷಯಕ್ಕೂ, ಅರ್ಜಿ ಓದುವವರ ಮೊದಲ ಅನುಮಾನಕ್ಕೂ ಸೇರಿದವು. ಈ ದೇಶದಲ್ಲಿ ಕೆಲಸ ಮಾಡಲು ನಿಮಗೆ ಹಕ್ಕಿದೆಯೇ ಎಂಬುದು ಒಂದು. ಈಗ ಅಥವಾ ಮುಂದೆ ನಿಮಗೆ ವೀಸಾ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಇಲ್ಲ ಎಂದು ಒತ್ತಿ ಮುಂದೆ ಹೋಗು ಎಂಬ ಸಲಹೆ ನಿಮಗೂ ಬಂದಿರುತ್ತದೆ. ಹಾಗೆ ಮಾಡಬೇಡಿ. ಸುಳ್ಳು ಮಾಹಿತಿ ಕೊಟ್ಟು ಪಡೆದ ಕೆಲಸವನ್ನು ನಂತರ ಕಳೆದುಕೊಳ್ಳುವುದಕ್ಕೆ ಅದೊಂದೇ ಕಾರಣ ಸಾಕು, ಮತ್ತು ಮುಂದೆ ಅದೇ ಕಂಪನಿ ನಿಮ್ಮನ್ನು ಸ್ಪಾನ್ಸರ್ ಮಾಡಬೇಕಾದ ದಿನ ಆ ಉತ್ತರ ನಿಮ್ಮೆದುರು ಬಂದು ನಿಲ್ಲುತ್ತದೆ. ಬದಲಿಗೆ, ವಿವರ ಕೊಡಲು ಜಾಗವಿರುವ ಕಡೆಯಲ್ಲೆಲ್ಲ, ಸಿವಿಯ ಮೇಲ್ಭಾಗದಲ್ಲಿಯೂ, ನಿಮ್ಮ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಸ್ಪಷ್ಟವಾಗಿ ಬರೆಯಿರಿ: ಕೋರ್ಸ್ ಮುಗಿದ ಮೇಲೆ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಲಿದ್ದೇನೆ, ಅದರ ಅವಧಿಯಲ್ಲಿ ಪೂರ್ಣಾವಧಿ ಕೆಲಸಕ್ಕೆ ಸ್ಪಾನ್ಸರ್‌ಶಿಪ್ ಬೇಡ, ಆನಂತರ ಬೇಕಾಗಬಹುದು. ಗ್ರಾಜುಯೇಟ್ ವೀಸಾ ಹೊಂದಿದವರನ್ನು ನೇಮಿಸಲು ಸ್ಪಾನ್ಸರ್ ಲೈಸೆನ್ಸ್ ಬೇಡ, ವಲಸೆ ನಿಯಮಗಳ ಕನಿಷ್ಠ ಸಂಬಳ ಮಿತಿಯೂ ಇಲ್ಲ ಎಂಬುದು ಅನೇಕ ಸಣ್ಣ ಉದ್ಯೋಗದಾತರಿಗೆ ಗೊತ್ತಿರುವುದಿಲ್ಲ. ಅವರಿಗೆ ಗೊತ್ತಿಲ್ಲದ್ದನ್ನು ಹೇಳುವ ಕೆಲಸ ನಿಮ್ಮದೇ ಆಗುತ್ತದೆ; ಅನ್ಯಾಯವೆನಿಸಿದರೂ ವಾಸ್ತವ ಹಾಗಿದೆ.

ಇದನ್ನು ಹೇಳಬೇಕಾದರೆ ನಿಮಗೆ ನಿಮ್ಮ ವೀಸಾ ನಿಯಮಗಳು ಬಾಯಿಪಾಠವಾಗಿರಬೇಕು. 2021ರ ಜುಲೈ 1ರಂದು ಆರಂಭವಾದ ಗ್ರಾಜುಯೇಟ್ ವೀಸಾ ಮಾಸ್ಟರ್ಸ್ ಮುಗಿಸಿದವರಿಗೆ 2 ವರ್ಷ, ಪಿಎಚ್.ಡಿ. ಮುಗಿಸಿದವರಿಗೆ 3 ವರ್ಷ ಸಿಗುತ್ತಾ ಬಂದಿದೆ. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ ಮತ್ತು ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಇದನ್ನು ವಿಸ್ತರಿಸಲಾಗದು. ಸ್ಟೂಡೆಂಟ್ ವೀಸಾ ಮುಗಿಯುವ ಮೊದಲು, ನೀವು ಬ್ರಿಟನ್ನಿನಲ್ಲಿದ್ದಾಗಲೇ, ಕೋರ್ಸ್ ಪೂರೈಸಿದ್ದೀರೆಂದು ವಿಶ್ವವಿದ್ಯಾಲಯ ಗೃಹ ಇಲಾಖೆಗೆ ತಿಳಿಸಿದ ಮೇಲೆಯೇ ಅರ್ಜಿ ಹಾಕಬೇಕು. ತೀರ್ಮಾನ ಬರುವ ಮೊದಲು ದೇಶ ಬಿಟ್ಟು ಹೊರಟರೆ ಅರ್ಜಿ ಹಿಂತೆಗೆದುಕೊಂಡಂತೆ ಆಗುತ್ತದೆ. ಫಲಿತಾಂಶ ಬಂದ ಸಂತೋಷದಲ್ಲಿ ಮನೆಗೆ ಟಿಕೆಟ್ ತೆಗೆಸುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಈಗಿನ ನಿಮ್ಮ ಸ್ಥಿತಿಗೆ ಸಂಬಂಧಿಸಿ ಮೂರು ಮಾತು. ಟರ್ಮ್ ಅವಧಿಯಲ್ಲಿ ನಿಮ್ಮ ಕೆಲಸಕ್ಕಿರುವ ವಾರಕ್ಕೆ 20 ಗಂಟೆಗಳ ಮಿತಿ ಎಂದರೆ ಸೋಮವಾರದಿಂದ ಭಾನುವಾರದವರೆಗಿನ ಪ್ರತಿಯೊಂದು ವಾರಕ್ಕೂ ಅನ್ವಯಿಸುವ ಮಿತಿ. ಒಂದು ವಾರ 24, ಮುಂದಿನ ವಾರ 16 ಎಂದು ಸರಿದೂಗಿಸುವಂತಿಲ್ಲ. ಎಲ್ಲ ಕೆಲಸಗಳ ಗಂಟೆಗಳೂ, ಸಂಬಳವಿಲ್ಲದ ಕೆಲಸದ್ದೂ, ಅದರಲ್ಲಿ ಸೇರುತ್ತವೆ. ಒಂದು ವರ್ಷದ ಮಾಸ್ಟರ್ಸ್‌ನಲ್ಲಿ ಪ್ರಬಂಧ ಬರೆಯುವ ಬೇಸಿಗೆಯನ್ನು ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಟರ್ಮ್ ಎಂದೇ ಪರಿಗಣಿಸುತ್ತವೆ. ಜೂನ್ ಬಂತೆಂದು ಪೂರ್ಣಾವಧಿ ಇಂಟರ್ನ್‌ಶಿಪ್ ಒಪ್ಪಿಕೊಂಡು ಸಿಕ್ಕಿಬಿದ್ದವರಿದ್ದಾರೆ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೂ ಅವಕಾಶವಿಲ್ಲ, ಅಂದರೆ ಬಿಡುವಿನಲ್ಲಿ ಆನ್‌ಲೈನ್ ಫ್ರೀಲ್ಯಾನ್ಸ್ ಪ್ರಾಜೆಕ್ಟ್ ಮಾಡಿಕೊಟ್ಟು ಹಣ ಪಡೆಯುವುದೂ ನಿಯಮೋಲ್ಲಂಘನೆಯೇ. ಅನುಮಾನವಿದ್ದರೆ ಗೆಳೆಯರನ್ನು ಕೇಳಬೇಡಿ, ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಸಲಹಾ ವಿಭಾಗಕ್ಕೆ ಬರೆದು ಲಿಖಿತ ಉತ್ತರ ಪಡೆಯಿರಿ.

ಬೇರೆ ದೇಶಗಳಲ್ಲಿ ಓದುತ್ತಿರುವವರು ಇದನ್ನು ಓದುತ್ತಿದ್ದರೆ ಅವರ ಗಡಿಯಾರ ಬೇರೆಯೇ ಇರುತ್ತದೆ. ಅಮೆರಿಕದಲ್ಲಿ ಎಫ್-1 ವೀಸಾದ ವಿದ್ಯಾರ್ಥಿಗಳು, ಓದಿನ ನಂತರ ಕೆಲಸ ಮಾಡಲು ಸಿಗುವ 12 ತಿಂಗಳ ಒಪಿಟಿ ಅನುಮತಿಗೆ ಕೋರ್ಸ್ ಮುಗಿಯುವ 90 ದಿನ ಮೊದಲಿನಿಂದ, ಮುಗಿದ 60 ದಿನಗಳೊಳಗೆ ಅರ್ಜಿ ಹಾಕಬೇಕು, ಮತ್ತು ಆ ಅವಧಿಯಲ್ಲಿ ಕೆಲಸವಿಲ್ಲದೆ ಕಳೆದ ದಿನಗಳು ಒಟ್ಟು 90ನ್ನು ಮೀರುವಂತಿಲ್ಲ. ವಿಜ್ಞಾನ-ತಂತ್ರಜ್ಞಾನ ಪದವಿಗಳಿಗೆ ಸಿಗುವ 24 ತಿಂಗಳ ವಿಸ್ತರಣೆ, ಕೆಲಸದ ಹಕ್ಕನ್ನು ಪರಿಶೀಲಿಸುವ ಸರ್ಕಾರಿ ಇ-ವೆರಿಫೈ ವ್ಯವಸ್ಥೆಗೆ ಸೇರಿದ ಉದ್ಯೋಗದಾತರಲ್ಲಿ ಮಾತ್ರ ಸಾಧ್ಯ. ಜರ್ಮನಿಯಲ್ಲಿ ಪದವಿಯ ನಂತರ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಇದೆ, ಆದರೆ ಇಂಗ್ಲಿಷ್‌ನಲ್ಲಿ ಓದಿದವರಿಗೆ ಕೊನೆಯಲ್ಲಿ ಅಡ್ಡಿಯಾಗುವುದು ಪರವಾನಗಿಯಲ್ಲ, ಕಲಿಯದೆ ಬಿಟ್ಟ ಜರ್ಮನ್. ಕೆನಡಾದ ಪದವಿಯ ನಂತರದ ಕೆಲಸದ ಪರವಾನಗಿ ಜೀವಮಾನದಲ್ಲಿ ಒಮ್ಮೆ ಮಾತ್ರ ಸಿಗುತ್ತದೆ. ಎಲ್ಲಿಯೇ ಆದರೂ ಓದಿನ ಕ್ಯಾಲೆಂಡರ್‌ಗಿಂತ ಮುಂಚಿತವಾಗಿ ವೀಸಾ ಕ್ಯಾಲೆಂಡರ್ ಓಡುತ್ತಿರುತ್ತದೆ. ನೇಮಕಾತಿಯ ಕ್ಯಾಲೆಂಡರ್ ಇನ್ನೂ ಮುಂದೆ: ಬ್ರಿಟನ್ನಿನ ದೊಡ್ಡ ಕಂಪನಿಗಳು ಹೊಸ ಪದವೀಧರರನ್ನು ಸೇರಿಸಿಕೊಳ್ಳುವ ಅನೇಕ ಗ್ರಾಜುಯೇಟ್ ಯೋಜನೆಗಳು ಮುಂದಿನ ವರ್ಷದ ಸೇರ್ಪಡೆಗೆ ಶರತ್ಕಾಲದಲ್ಲೇ ಅರ್ಜಿ ಕರೆದು ಮುಚ್ಚುತ್ತವೆ, ಅಂದರೆ ನೀವು ಇನ್ನೂ ಬಸ್ ಮಾರ್ಗ ಕಲಿಯುತ್ತಿದ್ದ ವಾರಗಳಲ್ಲಿ. ಆ ಸುತ್ತು ನಿಮಗೆ ತಪ್ಪಿದೆ. ವರ್ಷವಿಡೀ ನೇಮಿಸಿಕೊಳ್ಳುವ ಮಧ್ಯಮ ಗಾತ್ರದ ಕಂಪನಿಗಳು, ಆಸ್ಪತ್ರೆಗಳ ಆಡಳಿತ, ನಗರಸಭೆಗಳು, ವಿಶ್ವವಿದ್ಯಾಲಯಗಳು ಈಗ ನಿಮ್ಮ ಗುರಿಯಾಗಬೇಕು.

ಎರಡನೆಯ ಅನುಮಾನ ಸ್ಥಳೀಯ ಅನುಭವದ್ದು. ನಿಮ್ಮ ಎರಡು ವರ್ಷದ ಸಾಫ್ಟ್‌ವೇರ್ ಅನುಭವ ಬೆಲೆಬಾಳುವಂಥದ್ದೇ, ಆದರೆ ಅದನ್ನು ಅಳೆಯುವ ಅಳತೆಗೋಲು ಓದುವವರ ಬಳಿ ಇಲ್ಲ. ಕಂಪನಿಯ ಹೆಸರು ಅವರು ಕೇಳಿಲ್ಲ, ಹುದ್ದೆಯ ಹೆಸರಿನಿಂದ ಜವಾಬ್ದಾರಿ ತಿಳಿಯುವುದಿಲ್ಲ. ಕಂಪನಿ ಏನು ಮಾಡುತ್ತದೆ, ಎಷ್ಟು ದೊಡ್ಡದು, ನಿಮ್ಮ ಕೆಲಸದಿಂದ ಯಾರಿಗೆ ಏನು ಬದಲಾಯಿತು ಎಂಬುದನ್ನು ಎರಡು ಸಾಲಿನಲ್ಲಿ ಬಿಡಿಸಿ ಬರೆಯಿರಿ. ತಂತ್ರಾಂಶಗಳ ಹೆಸರುಗಳ ಉದ್ದನೆಯ ಪಟ್ಟಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಗೋದಾಮಿನ ಕೆಲಸವನ್ನು ಮುಚ್ಚಿಟ್ಟಿರುವುದು ನನಗೆ ಬೇಸರ ತಂದ ಸಂಗತಿ, ಆಶ್ಚರ್ಯ ತಂದದ್ದಲ್ಲ. ಓದಿದವರು ಮಾಡುವ ಕೆಲಸವಲ್ಲ ಎಂಬ ಸಂಕೋಚವನ್ನು ನಾವು ಸಾಮಾನಿನ ಜೊತೆಗೇ ತಂದಿರುತ್ತೇವೆ. ಇಲ್ಲಿ ಅರ್ಜಿ ಓದುವವರಲ್ಲಿ ಅನೇಕರು ತಾವೂ ಓದುವಾಗ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿದವರು. ಅವರಿಗೆ ಆ ಸಾಲಿನಲ್ಲಿ ಕಾಣುವುದು, ಮುಂಜಾನೆಯ ಶಿಫ್ಟಿಗೆ ತಿಂಗಳುಗಟ್ಟಲೆ ಸಮಯಕ್ಕೆ ಹಾಜರಾದ, ಇಲ್ಲಿನ ಮೇಲ್ವಿಚಾರಕರ ಕೈಕೆಳಗೆ ದುಡಿದ, ಸುರಕ್ಷತಾ ನಿಯಮ ಪಾಲಿಸಿದ ಒಬ್ಬ ವ್ಯಕ್ತಿ. ನಿಮ್ಮ ವಿಷಯ ಡೇಟಾ ಆಗಿರುವುದರಿಂದ ಅದರಲ್ಲಿ ಇನ್ನೂ ಒಂದು ಲಾಭವಿದೆ. ಯಾವ ಸಾಮಗ್ರಿ ಎಲ್ಲಿ ತಡವಾಗುತ್ತದೆ, ಸ್ಕ್ಯಾನರ್‌ನಲ್ಲಿ ದಾಖಲಾದದ್ದಕ್ಕೂ ಕಪಾಟಿನಲ್ಲಿರುವುದಕ್ಕೂ ಲೆಕ್ಕ ಏಕೆ ತಾಳೆಯಾಗುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡ ಡೇಟಾ ವಿಶ್ಲೇಷಕರು ಹೆಚ್ಚು ಜನ ಇಲ್ಲ. ಮುಂದಿನ ಕೆಲಸಕ್ಕೆ ನಿಮ್ಮ ಬಗ್ಗೆ ಸಾಕ್ಷಿ ಹೇಳಬಲ್ಲ ಒಬ್ಬ ಸ್ಥಳೀಯ ಮೇಲ್ವಿಚಾರಕರು ಸಿಗುತ್ತಾರೆ ಎಂಬುದು ಬೇರೆ.

ಇದಕ್ಕೆ ನಿಮ್ಮ ಕ್ಷೇತ್ರಕ್ಕೆ ಹತ್ತಿರದ ಒಂದು ಅನುಭವವನ್ನು ಈ ಕೆಲವು ತಿಂಗಳಲ್ಲಿ ಸೇರಿಸಬೇಕು. ಪ್ರಬಂಧವನ್ನೇ ಅದಕ್ಕೆ ಬಳಸಿಕೊಳ್ಳುವುದು ನಾನು ಕಂಡ ಅತ್ಯಂತ ಸಮರ್ಥ ದಾರಿ. ವಿಷಯ ಇನ್ನೂ ಅಂತಿಮವಾಗಿಲ್ಲದಿದ್ದರೆ, ಹೊರಗಿನ ಸಂಸ್ಥೆಯೊಂದರ ನಿಜವಾದ ಸಮಸ್ಯೆಯ ಮೇಲೆ ಮಾಡಬಹುದೇ ಎಂದು ನಿಮ್ಮ ಮಾರ್ಗದರ್ಶಕರನ್ನು ಈ ವಾರವೇ ಕೇಳಿ. ಅನೇಕ ವಿಭಾಗಗಳಲ್ಲಿ ಇಂಥ ಸಂಪರ್ಕಗಳಿದ್ದರೂ ಕೇಳಿದವರಿಗೆ ಮಾತ್ರ ಸಿಗುತ್ತವೆ. ಸಾರ್ವಜನಿಕವಾಗಿ ಸಿಗುವ ಕಲ್ಪಿತ ಡೇಟಾ ಮೇಲೆ ಮಾಡಿದ ಪ್ರಬಂಧಕ್ಕೂ, ಒಂದು ದತ್ತಿ ಸಂಸ್ಥೆಯ ದಾನಿಗಳ ಅಸ್ತವ್ಯಸ್ತ ದಾಖಲೆಗಳನ್ನು ಸರಿಪಡಿಸಿ, ಅಲ್ಲಿನ ಸಿಬ್ಬಂದಿಯ ಮುಂದೆ ನಿಂತು ವಿವರಿಸಿದ ಪ್ರಬಂಧಕ್ಕೂ ಸಂದರ್ಶನದಲ್ಲಿ ಅಜಗಜಾಂತರವಿರುತ್ತದೆ. ಅಂಕ ಎರಡಕ್ಕೂ ಒಂದೇ ಬರಬಹುದು.

ಈಗ ನಿಮ್ಮ ಎರಡು ಸಂದರ್ಶನಗಳ ವಿಷಯ. ಏನು ಕೇಳಿದರು, ಏನು ಹೇಳಿದಿರಿ ಎಂದು ನೀವು ಬರೆದಿಲ್ಲ, ಆದರೆ ನಮ್ಮವರ ಉತ್ತರಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ರೀತಿಯನ್ನು ಹೇಳಬಲ್ಲೆ. ತಂಡದಲ್ಲಿ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭ ಹೇಳಿ ಎಂಬುದು ಇಲ್ಲಿ ಸಾಮಾನ್ಯ ಪ್ರಶ್ನೆ. ಇದಕ್ಕೆ ಬರುವ ಉತ್ತರ ಹೀಗಿರುತ್ತದೆ: "ನಾವು ಒಂದು ಗ್ರೂಪ್ ಪ್ರಾಜೆಕ್ಟ್ ಮಾಡಿದೆವು. ಸ್ವಲ್ಪ ಭಿನ್ನಾಭಿಪ್ರಾಯ ಬಂತು. ಎಲ್ಲರೂ ಕುಳಿತು ಚರ್ಚಿಸಿ ಸರಿಮಾಡಿಕೊಂಡೆವು. ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು." ವಿನಯವಿದೆ, ತಪ್ಪಿಲ್ಲ, ಆದರೆ ಕೇಳಿದವರಿಗೆ ಏನೂ ಸಿಕ್ಕಿಲ್ಲ. ಅದೇ ಪ್ರಾಜೆಕ್ಟ್ ಕುರಿತು ಇನ್ನೊಂದು ಉತ್ತರ ನೋಡಿ: "ನಾಲ್ವರ ಗುಂಪಿನಲ್ಲಿ ಡೇಟಾವನ್ನು ಶುದ್ಧಗೊಳಿಸುವ ಕೆಲಸ ನನ್ನದಾಗಿತ್ತು. ಗ್ರಾಹಕರ ಪಟ್ಟಿಯಲ್ಲಿ ಕೆಲವು ಹೆಸರುಗಳು ಎರಡು ಮೂರು ಬಾರಿ ಬಂದಿದ್ದವು. ಒಂದನ್ನು ಉಳಿಸಿ ಮಿಕ್ಕದ್ದನ್ನು ಅಳಿಸೋಣ ಎಂದು ಉಳಿದವರು ಹೇಳಿದರು. ಒಂದೇ ಹೆಸರಿನ ಬೇರೆ ಬೇರೆ ಗ್ರಾಹಕರೂ ಇರಬಹುದು ಎಂದು ನನಗನಿಸಿತು. ವಿಳಾಸ ಮತ್ತು ಹುಟ್ಟಿದ ದಿನಾಂಕವನ್ನೂ ಹೋಲಿಸಿ ಒಂದು ಸಣ್ಣ ಮಾದರಿ ತೋರಿಸಿದೆ. ಅದರಲ್ಲಿ ಕೆಲವರು ನಿಜವಾಗಿಯೂ ಬೇರೆಯವರೇ ಆಗಿದ್ದರು. ಗುಂಪು ನನ್ನ ವಿಧಾನ ಒಪ್ಪಿತು. ಅದರಿಂದ ನಮಗೆ ಒಂದು ದಿನ ತಡವಾಯಿತು, ಹಾಗಾಗಿ ಚಾರ್ಟ್‌ಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕಾಯಿತು." ಸನ್ನಿವೇಶ, ನಿಮ್ಮ ಪಾಲಿನ ಹೊಣೆ, ನೀವು ಮಾಡಿದ್ದು, ಆದ ಪರಿಣಾಮ ಎಂಬ ಕ್ರಮವನ್ನು ಎಲ್ಲ ಮಾರ್ಗದರ್ಶಕರೂ ಹೇಳಿಕೊಡುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಉತ್ತರಕ್ಕೆ ಜೀವ ಬಂದಿರುವುದು ಕೊನೆಯ ವಾಕ್ಯದಿಂದ, ಒಂದು ದಿನ ತಡವಾಯಿತು ಎಂದು ಒಪ್ಪಿಕೊಂಡದ್ದರಿಂದ. ನಾನು ಮಾಡಿದೆ ಎನ್ನುವುದು ಅಹಂಕಾರವೆನಿಸಿ ನಾಲಿಗೆ ಹಿಂದೇಟು ಹಾಕುತ್ತದೆ, ನಿಜ. ಆದರೆ ಗುಂಪಿನ ಉಳಿದ ಮೂವರು ಈ ಹುದ್ದೆಗೆ ಅರ್ಜಿ ಹಾಕಿಲ್ಲ. ಇಂಥ ಆರೇಳು ಪ್ರಸಂಗಗಳನ್ನು ಬರೆದಿಟ್ಟುಕೊಂಡು, ಗಟ್ಟಿಯಾಗಿ ಹೇಳಿ, ರೆಕಾರ್ಡ್ ಮಾಡಿ ಕೇಳಿ. ಎರಡು ನಿಮಿಷ ಮೀರಿದರೆ ಕತ್ತರಿಸಿ.

ಮೂರನೆಯ ಅನುಮಾನ, ಅಂದರೆ ತೊಂದರೆಯಾದಾಗ ಹೇಳುವವರೇ ಎಂಬುದು, ಕೆಲಸ ಸಿಕ್ಕ ಮೇಲೂ ಬೆನ್ನು ಬಿಡುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ವಿದೇಶಿ ಪದವೀಧರರ ಬಗ್ಗೆ ಮ್ಯಾನೇಜರ್‌ಗಳಿಂದ ನಾನು ಕೇಳುವ ದೂರುಗಳಲ್ಲಿ ಕೌಶಲದ ಕೊರತೆ ಅಪರೂಪ. ಕೆಟ್ಟ ಸುದ್ದಿ ತಡವಾಗಿ ಬಂತು ಎಂಬುದೇ ಮೊದಲನೆಯದು. ಇದರ ಬೇರು ನಾವು ಕಲಿತ ತರಗತಿಗಳಲ್ಲಿದೆ. ಪ್ರಶ್ನೆ ಕೇಳಿದರೆ ಗೊತ್ತಿಲ್ಲವೆಂದು ತೋರಿಸಿಕೊಂಡಂತೆ, ಹಿರಿಯರಿಗೆ ಕಷ್ಟ ಹೇಳಿದರೆ ನೆಪ ಹೇಳಿದಂತೆ, ಹೇಗಾದರೂ ರಾತ್ರಿ ಕುಳಿತು ಮುಗಿಸಿಬಿಟ್ಟರೆ ಯಾರಿಗೂ ತಿಳಿಯದು ಎಂಬ ಅಭ್ಯಾಸಗಳು ಪರೀಕ್ಷೆಗಳಿಗೆ ಒದಗಿಬಂದಿದ್ದವು. ಕಚೇರಿಯಲ್ಲಿ ನಿಮ್ಮ ವರದಿಯನ್ನು ನಂಬಿಕೊಂಡು ಇನ್ನೊಬ್ಬರು ಸಭೆ ಕರೆದಿರುತ್ತಾರೆ. ಶುಕ್ರವಾರ ಕೊಡಬೇಕಾದ ವರದಿಯಲ್ಲಿ ತೊಡಕಿದೆ ಎಂದು ಶುಕ್ರವಾರ ಸಂಜೆ ಹೇಳುವುದಕ್ಕೂ, ಬುಧವಾರ ಮಧ್ಯಾಹ್ನ ಹೀಗೊಂದು ಸಂದೇಶ ಕಳುಹಿಸುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು: "ಮಾರ್ಚ್ ತಿಂಗಳ ಮಾರಾಟದ ವಿವರ ನನಗಿನ್ನೂ ಬಂದಿಲ್ಲ. ನಾಳೆ ಮಧ್ಯಾಹ್ನದೊಳಗೆ ಬಂದರೆ ಶುಕ್ರವಾರ ಪೂರ್ತಿ ವರದಿ ಕೊಡಬಲ್ಲೆ. ಬರದಿದ್ದರೆ ಫೆಬ್ರವರಿಯವರೆಗಿನದನ್ನು ಶುಕ್ರವಾರ ಕೊಟ್ಟು, ಉಳಿದದ್ದನ್ನು ಸೋಮವಾರ ಸೇರಿಸುತ್ತೇನೆ. ಯಾವುದು ನಿಮಗೆ ಅನುಕೂಲ?" ಇದರಲ್ಲಿ ಕ್ಷಮೆಯಾಚನೆಯ ಉದ್ದ ಪೀಠಿಕೆ ಇಲ್ಲ, ದೂರು ಇಲ್ಲ, ತೀರ್ಮಾನ ಮಾಡಬೇಕಾದವರ ಕೈಗೆ ಎರಡು ದಾರಿ ಕೊಟ್ಟಿದೆ. ಪ್ರಬಂಧದ ಮಾರ್ಗದರ್ಶಕರೊಂದಿಗೆ ಈ ಬೇಸಿಗೆಯಲ್ಲೇ ಇದನ್ನು ರೂಢಿಸಿಕೊಳ್ಳಬಹುದು. ಅಭ್ಯಾಸಕ್ಕೆ ಅದಕ್ಕಿಂತ ಸುರಕ್ಷಿತ ಜಾಗ ಮುಂದೆ ಸಿಗದು.

ಪರಿಚಯ ಬೆಳೆಸುವ ವಿಷಯದಲ್ಲಿ ಒಂದು ಮಾತು ಸಾಕು. ಉದ್ಯೋಗದ ಸುದ್ದಿ ಹೆಚ್ಚಾಗಿ ಆಪ್ತರಿಂದಲ್ಲ, ದೂರದ ಪರಿಚಿತರಿಂದ ಬರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು. ನಿಮ್ಮ ಆಪ್ತರೆಲ್ಲ ನಿಮ್ಮ ಹಾಗೆಯೇ ಕೆಲಸ ಹುಡುಕುತ್ತಿರುವ, ನಿಮ್ಮದೇ ದೇಶದ ಸಹಪಾಠಿಗಳಾಗಿದ್ದರೆ ಎಲ್ಲರಿಗೂ ಒಂದೇ ಸುದ್ದಿ, ಒಂದೇ ವದಂತಿ ಸಿಗುತ್ತದೆ. ನಿಮ್ಮದೇ ಕೋರ್ಸ್ ಮುಗಿಸಿ ಈಗ ಕೆಲಸದಲ್ಲಿರುವವರಿಗೆ ಲಿಂಕ್ಡ್‌ಇನ್‌ನಲ್ಲಿ ಬರೆಯಿರಿ, ಆದರೆ ಕೆಲಸ ಕೊಡಿಸಿ ಎಂದು ಕೇಳಬೇಡಿ. ಅವರ ದಿನದ ಕೆಲಸ ಹೇಗಿರುತ್ತದೆ, ನೇಮಕಾತಿಯಲ್ಲಿ ಏನನ್ನು ನೋಡಿದರು ಎಂದು ಹದಿನೈದು ನಿಮಿಷ ಮಾತನಾಡಲು ಕೇಳಿ. ಉತ್ತರಿಸುವವರು ಕೆಲವರೇ ಇರುತ್ತಾರೆ, ಅಷ್ಟೇ ಬೇಕಾಗಿರುವುದು. ವಿಶ್ವವಿದ್ಯಾಲಯದ ಕರಿಯರ್ಸ್ ವಿಭಾಗದಲ್ಲಿ ಅಣಕು ಸಂದರ್ಶನ ಉಚಿತವಾಗಿ ಸಿಗುತ್ತದೆ. ನೀವು ಕಟ್ಟಿದ ಶುಲ್ಕದಲ್ಲಿ ಅದರ ಪಾಲೂ ಇದೆ.

ಮುಂದಿನ ದಾರಿಗಳನ್ನು ನೋಡೋಣ. ಹೆಚ್ಚಿನವರು ಹಿಡಿಯುವುದು ಗ್ರಾಜುಯೇಟ್ ವೀಸಾ ಪಡೆದು ಕೆಲಸ ಹುಡುಕುವ ದಾರಿ. ಯಾವ ಉದ್ಯೋಗದಾತರಲ್ಲಿಯೂ ದುಡಿಯುವ ಸ್ವಾತಂತ್ರ್ಯ ಅದರ ದೊಡ್ಡ ಅನುಕೂಲ, ಆ ಸ್ವಾತಂತ್ರ್ಯವೇ ಅದರ ಅಪಾಯ ಕೂಡ. ಸಾಲ ತೀರಿಸಲು ಗೋದಾಮಿನಲ್ಲಿ ಪೂರ್ಣಾವಧಿ ಸೇರಿ, ಆರು ತಿಂಗಳು ಎಂದುಕೊಂಡದ್ದು ವರ್ಷವಾಗಿ, ಕೊನೆಯ ತಿಂಗಳುಗಳಲ್ಲಿ ಸ್ಪಾನ್ಸರ್ ಹುಡುಕುತ್ತಾ ಬರುವವರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಇನ್ನೊಂದು ದಾರಿ ನೇರವಾಗಿ ಸ್ಕಿಲ್ಡ್ ವರ್ಕರ್ ವೀಸಾ. ಇದಕ್ಕೆ ಲೈಸೆನ್ಸ್ ಇರುವ ಉದ್ಯೋಗದಾತರು ಬೇಕು. ಅವರ ಪಟ್ಟಿಯನ್ನು ಬ್ರಿಟನ್ ಸರ್ಕಾರ ತನ್ನ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ, ಹಾಗಾಗಿ ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಬಹುದು. 2025ರ ಜುಲೈ 22ರಿಂದ ಹುದ್ದೆ ಪದವಿ ಮಟ್ಟದ್ದಾಗಿರಬೇಕು, ಸಾಮಾನ್ಯ ಸಂಬಳ ಮಿತಿ ವರ್ಷಕ್ಕೆ 41,700 ಪೌಂಡ್. ಆದರೆ ಓದು ಮುಗಿಸಿ ಹೊಸದಾಗಿ ಸೇರುವವರಿಗೆ 33,400 ಪೌಂಡ್‌ನ ರಿಯಾಯಿತಿ ಮಿತಿ ಇದೆ. ಆ ಹುದ್ದೆಗೆ ಸರ್ಕಾರ ನಿಗದಿಪಡಿಸಿದ ಸಂಬಳ ದರದ ಶೇ. 70ರಷ್ಟು ಅದಕ್ಕಿಂತ ಹೆಚ್ಚಾದರೆ ಆ ಮೊತ್ತ ಅನ್ವಯಿಸುತ್ತದೆ. ಈ ರಿಯಾಯಿತಿ ಒಟ್ಟು 4 ವರ್ಷಕ್ಕೆ ಸೀಮಿತ, ಗ್ರಾಜುಯೇಟ್ ವೀಸಾದಲ್ಲಿ ಕಳೆದ ಕಾಲವೂ ಅದರಲ್ಲಿ ಸೇರುತ್ತದೆ. ಕಂಪನಿಗೆ ನಿಮ್ಮನ್ನು ಸ್ಪಾನ್ಸರ್ ಮಾಡುವ ವಿಷಯ ತಡವಾದಷ್ಟೂ ಅದಕ್ಕೆ ದುಬಾರಿಯಾಗುವ ಸಾಧ್ಯತೆ ಹೆಚ್ಚು ಎಂಬುದನ್ನು ಮೊದಲ ವರ್ಷದಲ್ಲೇ ಮ್ಯಾನೇಜರ್ ಜೊತೆ ಮಾತನಾಡಿ. ಸ್ಪಾನ್ಸರ್ ವೀಸಾದಲ್ಲಿ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಇನ್ನೊಬ್ಬ ಸ್ಪಾನ್ಸರ್ ಸಿಗಬೇಕು, ಇಲ್ಲವಾದರೆ ದೇಶ ಬಿಡಬೇಕು ಎಂಬುದೂ ತಿಳಿದಿರಲಿ.

ಹಲವು ದೇಶಗಳಲ್ಲಿ ಕಚೇರಿಯಿರುವ ಕಂಪನಿಯೊಂದರ ಬೇರೆ ದೇಶದ ಶಾಖೆಗೆ ಸೇರುವುದು ಅಥವಾ ಸ್ವದೇಶಕ್ಕೆ ಮರಳುವುದು ಸೋಲಲ್ಲ, ಅದನ್ನೂ ಒಂದು ಯೋಜನೆಯಂತೆ ಸಿದ್ಧಪಡಿಸಿಟ್ಟುಕೊಳ್ಳಿ. ಬೇರೆ ದಾರಿಯಿಲ್ಲದವರು ಸಂದರ್ಶನದಲ್ಲಿ ಮಾತನಾಡುವ ರೀತಿಯೇ ಬೇರೆಯಾಗಿರುತ್ತದೆ, ಎದುರಿಗಿರುವವರಿಗೆ ಅದು ಕೇಳಿಸುತ್ತದೆ. ವೀಸಾ ಉಳಿಸಿಕೊಳ್ಳಲೆಂದು ಮಾತ್ರ ಪಿಎಚ್.ಡಿ. ಸೇರುವುದನ್ನು ನಾನು ಒಪ್ಪುವುದಿಲ್ಲ.

ಕೊನೆಗೆ ಆ ಹಣ ಕೇಳುವ ಸಂಸ್ಥೆ. ನೀವು ಮಾಡದ ಕೆಲಸಕ್ಕೆ ಅವರು ಕೊಡುವ ಅನುಭವ ಪತ್ರ ಸುಳ್ಳು ದಾಖಲೆ. ಅದನ್ನು ಬಳಸಿದವರೇ ಅದಕ್ಕೆ ಹೊಣೆಗಾರರು, ಮಾರಿದವರು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ. ಅಮೆರಿಕದಲ್ಲಿ 2020ರ ಅಕ್ಟೋಬರ್‌ನಲ್ಲಿ, ಅಸ್ತಿತ್ವದಲ್ಲೇ ಇಲ್ಲದ ಕಂಪನಿಗಳಲ್ಲಿ ಒಪಿಟಿ ಮೇಲೆ ಕೆಲಸ ಮಾಡುತ್ತಿರುವುದಾಗಿ ತೋರಿಸಿದ್ದ 15 ವಿದ್ಯಾರ್ಥಿಗಳನ್ನು ವಲಸೆ ಅಧಿಕಾರಿಗಳು ಬಂಧಿಸಿದರು. ಬಹುಪಾಲು ಜನ ಭಾರತೀಯರಾಗಿದ್ದರು. ಬ್ರಿಟನ್ನಿನಲ್ಲಿಯೂ ವಲಸೆ ಅರ್ಜಿಯಲ್ಲಿ ವಂಚನೆ ಸಾಬೀತಾದರೆ 10 ವರ್ಷದವರೆಗೆ ವೀಸಾ ನಿರಾಕರಣೆಗೆ ಗುರಿಯಾಗಬಹುದು. ವೀಸಾಕ್ಕೆಂದು ಉದ್ಯೋಗದಾತರು ಕೊಡುವ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರವನ್ನು ದುಡ್ಡಿಗೆ ಮಾರುವಂತಿಲ್ಲ. ಉದ್ಯೋಗದಾತರು ಸರ್ಕಾರಕ್ಕೆ ಕಟ್ಟುವ ವಲಸೆ ಕೌಶಲ ಶುಲ್ಕವನ್ನು ಕೆಲಸಗಾರರಿಂದ ವಸೂಲಿ ಮಾಡುವುದಕ್ಕೂ ಅವಕಾಶವಿಲ್ಲ. ಖಚಿತ ಕೆಲಸ ಎಂದು ಹೇಳಿದ ಕಂಪನಿಯ ಹೆಸರು ಕೇಳಿ, ಸರ್ಕಾರದ ಪಟ್ಟಿಯಲ್ಲಿ ಹುಡುಕಿ, ಆ ಕಂಪನಿಯ ಸ್ವಂತ ಜಾಲತಾಣದಲ್ಲಿ ಆ ಹುದ್ದೆ ಇದೆಯೇ ನೋಡಿ. ಹೆಸರನ್ನೇ ಹೇಳದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಈಗಾಗಲೇ ಮುಂಗಡ ಕೊಟ್ಟಿದ್ದರೆ, ನಾಚಿಕೆ ಬಿಟ್ಟು ವಿಶ್ವವಿದ್ಯಾಲಯದ ಸಲಹಾ ವಿಭಾಗಕ್ಕೂ, ಹಣ ಪಾವತಿಸಿದ ಬ್ಯಾಂಕಿಗೂ ಇವತ್ತೇ ತಿಳಿಸಿ, ಅವರೊಡನೆ ನಡೆಸಿದ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ.